ಮಾತ್ರೆಯ ರಾಶಿಯಲ್ಲಿ ಚಿನ್ನ

ಮಾತ್ರೆ ಕಾರ್ಖಾನೆಯ ಮ್ಯಾನೇಜರ್ ಚಿದಂಬರಯ್ಯನವರ ಪ್ರಕಾರ ನಿಯಮಗಳಿರುವುದು ಬೇರೆಯವರಿಗೆ. ಕೈಗವಸಿಲ್ಲದೆ, ಉಂಗುರವನ್ನೂ ಬಿಚ್ಚದೆ, ಮಾತ್ರೆಯ ರಾಶಿಗೆ ಕೈ ಹಾಕಿ ನೋಡಿದರು. ಸ್ವಲ್ಪ ಹೊತ್ತಿಗೆ ಲೋಹ ಪತ್ತೆ ಮಾಡುವ ಯಂತ್ರ ಕೂಗಿಕೊಂಡು ಒಂದಷ್ಟು ಮಾತ್ರೆಗಳನ್ನು ಪಕ್ಕಕ್ಕೆ ತಳ್ಳಿತು.

“ಆಫ್ ಮಾಡಮ್ಮ ಅದನ್ನ! ತಳ್ಳಿದ್ದನ್ನೂ ಡಬ್ಬಕ್ಕೆ ಸುರಿ. ಲಾರಿ ಕಾಯ್ತಾ ಇದೆ.”

ಯಂತ್ರ ನೋಡಿಕೊಳ್ಳುವ ಪ್ರೇಮಲೀಲೆಗೆ ಮೈಯೆಲ್ಲ ಉರಿಯಿತು. “ಲೋಹದ ಚೂರು ರೋಗಿಯ ಹೊಟ್ಟೆಗೆ ಹೋದರೆ ಸರ್?”

“ಒಂದು ಚೂರು ತಾನೇ? ಹೋದರೆ ಹೋಗಲಿ! ನನಗೇ ಪಾಠ ಹೇಳ್ತೀಯಾ?”

ಅವಳು ಅವರ ಉಂಗುರದತ್ತ ಒಮ್ಮೆ ನೋಡಿ, ಸ್ವಿಚ್ಚಿನ ಮೇಲೆ ಕೈಯಿಟ್ಟು ಬಹಳ ವಿನಯದಿಂದ ಹೇಳಿದಳು: “ಆಗಲಿ ಸರ್. ನಿಮ್ಮ ಉಂಗುರದಿಂದ ಉದುರಿದ ಚಿನ್ನ. ಹೋಗಲಿ ಅಂತ ನೀವೇ ಅಂದಮೇಲೆ ನನ್ನದೇನಿದೆ?”

ಚಿದಂಬರಯ್ಯನವರು ಬೆರಳು ನೋಡಿಕೊಂಡರು. ಉಂಗುರದ ಅಂಚಿಗೆ ಕೂರಿಸಿದ್ದ ಚಿನ್ನದ ಗುಂಡುಗಳಲ್ಲಿ ಒಂದು ಇರಲಿಲ್ಲ.

“ಅಯ್ಯಯ್ಯೋ, ಆಫ್ ಮಾಡಬೇಡ! ಒಂದು ಮಾತ್ರೆಯೂ ಹೊರಗೆ ಹೋಗಕೂಡದು! ಲಾರಿಯವನು ಕಾಯಲಿ ಬಿಡು!”

ತಳ್ಳಿದ ಮಾತ್ರೆಗಳನ್ನು ತಾವೇ ಮಂಡಿಯೂರಿ ಕೆದಕಿದರು. ಗುಂಡು ಸಿಕ್ಕಿತು. “ಎಂಥ ಒಳ್ಳೆಯ ಯಂತ್ರ!” ಎಂದು ಅದರ ಬೆನ್ನು ಸವರಿದರು.

“ಪಾಪ ಸರ್ ಅದು,” ಎಂದಳು ಪ್ರೇಮಲೀಲೆ. “ಅದಕ್ಕೆ ಚಿನ್ನವೂ ಒಂದೇ, ತಗಡೂ ಒಂದೇ. ಮನುಷ್ಯರ ಹಾಗೆ ಬೆಲೆ ನೋಡಿ ಕೂಗೋದು ಅದಕ್ಕೆ ಬರೋದಿಲ್ಲ.”