ಗೋಡೆಯೊಳಗಿನ ಅಳು

ನೆಟ್ಟಗೆ ಕುಳಿತುಕೊಳ್ಳಿ. ಕೈ ಒದ್ದೆಯಿದ್ದರೆ ಈಗಲೇ ಒರೆಸಿಕೊಳ್ಳಿ. ಒರೆಸಿಕೊಳ್ಳಲು ನಿಮಗೆ ಬಟ್ಟೆಯಿದೆ. ಈ ಕತೆಯಲ್ಲಿರುವವರಿಗೆ ಇರಲಿಲ್ಲ.

ಒಂದಾನೊಂದು ಊರಿನಲ್ಲಿ, ಕೈ ಒಣಗಿದವರಿಗೆ ಮಾತ್ರ ಬಾಗಿಲು ತೆರೆಯುವ ಒಂದು ಅರಮನೆಯಿತ್ತು. ಅಲ್ಲಿ ಶುಷ್ಕಸೇನನೆಂಬ ರಾಜನಿದ್ದ. ಒಂದು ಸಂಕ್ರಾಂತಿಯಂದು ಅವನಿಗೆ ಯಾರೋ ಸಕ್ಕರೆ ಅಚ್ಚಿನ ಆನೆಯನ್ನು ಕೊಟ್ಟರು. ಕೊಟ್ಟವರ ಕೈ ಒದ್ದೆಯಿತ್ತು. ಆನೆಯ ಸೊಂಡಿಲು ಕರಗಿತು. ರಾಜ ಸೊಂಡಿಲಿಲ್ಲದ ಆನೆಯನ್ನು ನೋಡಿದ. ಅತ್ತ. ಮೂಗು ಒರೆಸಿಕೊಂಡು ಆಜ್ಞೆ ಹೊರಡಿಸಿದ: “ನನ್ನ ರಾಜ್ಯದಲ್ಲಿ ಒದ್ದೆ ಕೈ ಇರಕೂಡದು.”

ಒದ್ದೆ ಇರಕೂಡದು ಎಂದಮೇಲೆ ಒರೆಸಬೇಕು. ಒರೆಸಲು ಟವೆಲು ಬೇಕು. ಟವೆಲನ್ನು ಸಭೆಗೆ ಕರೆಸಿದರು.

“ನೀನು ಯಾರ ಯಾರ ಕೈ ಒರೆಸಿದ್ದೀಯೆ?” ಎಂದ ರಾಜ.

“ಎಲ್ಲರದೂ, ದೊರೆಯೇ,” ಎಂದಿತು ಟವೆಲು. ಅದಕ್ಕೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

“ಹಾಗಾದರೆ ಎಲ್ಲರ ಕೊಳೆಯೂ ನಿನ್ನಲ್ಲಿದೆ.”

“ಇದೆ, ದೊರೆಯೇ. ಒಗೆದರೆ ಹೋಗುತ್ತದೆ.”

“ಒಗೆದರೆ ನೀನು ಒದ್ದೆಯಾಗುತ್ತೀಯೆ.”

ಟವೆಲನ್ನು ಸೆರೆಮನೆಗೆ ಹಾಕಿದರು. ಅದರ ಹಿಂದೆ ಗಂಡಸರ ಹೆಗಲ ಮೇಲಿನ ವಲ್ಲಿಗಳು ಹೋದವು. ಅಡುಗೆಮನೆಯ ಮಸಿಬಟ್ಟೆಗಳು ಹೋದವು. ಹುಟ್ಟಿದ ಕೂಸನ್ನು ಸುತ್ತಲೆಂದು ಅಜ್ಜಿಯರು ಎತ್ತಿಟ್ಟಿದ್ದ ಹಳೆಯ ಮೆತ್ತನೆಯ ಸೀರೆಗಳೂ ಹೋದವು. ಹೆಂಗಸರ ಸೆರಗು ಮಾತ್ರ ಉಳಿಯಿತು. ಕತ್ತರಿ ತಂದರು. ಸೆರಗೂ ಹೋಯಿತು.

ಆಗ ಮಂತ್ರಿ ದೂರದೇಶದಿಂದ ಒಂದು ಯಂತ್ರವನ್ನು ತರಿಸಿದ. ಅರಮನೆಯ ಹೆಬ್ಬಾಗಿಲ ಪಕ್ಕದ ಸಾರ್ವಜನಿಕ ಶೌಚಾಲಯದ ಗೋಡೆಗೆ ಅದನ್ನು ಬಿಗಿಸಿದ. ಮುಟ್ಟಬೇಕಿಲ್ಲ, ಒತ್ತಬೇಕಿಲ್ಲ. ಕೆಳಗೆ ಕೈಯೊಡ್ಡಿದರೆ ಬಿಸಿಗಾಳಿ ಊದುತ್ತದೆ. ರಾಜ ಅದಕ್ಕೆ ಹಾರ ಹಾಕಿದ. ಯಂತ್ರ ಊದಿತು. ಹಾರದ ಹೂವೆಲ್ಲ ಉದುರಿತು. ಸಭೆಯವರು ಅದನ್ನು ಶುಭಶಕುನವೆಂದರು.

ಶೌಚಾಲಯದ ಬಾಗಿಲಲ್ಲಿ ಇಬ್ಬರು ಅಧಿಕಾರಿಗಳು ನಿಂತರು. ಎಡಗಡೆಯವನು ಒಣಗಿನ ಅಧಿಕಾರಿ. ಬಲಗಡೆಯವನು ಶುಚಿಯ ಅಧಿಕಾರಿ. ಇಬ್ಬರೂ ತಲೆಯಾಡಿಸದೆ ಯಾರೂ ಅರಮನೆಗೆ ಕಾಲಿಡುವಂತಿರಲಿಲ್ಲ.

ಹೀಗಿರುವಲ್ಲಿ ರಾಣಿಗೆ ಹೆರಿಗೆಯ ನೋವು ಬಂತು. ಕೂಸು ಹೊಟ್ಟೆಯಲ್ಲಿ ಅಡ್ಡ ಮಲಗಿತ್ತು. ಅಡ್ಡ ಮಲಗಿದ ಕೂಸನ್ನು ತಿರುಗಿಸಬಲ್ಲ ಕೈ ಊರಿನಲ್ಲಿ ಒಬ್ಬಳಿಗೇ ಇತ್ತು: ಸೂಲಗಿತ್ತಿ ಕೊಟ್ರವ್ವನಿಗೆ. ರಾಣಿ ಹುಟ್ಟಿದಾಗ ಅವಳ ಬೆನ್ನು ತಟ್ಟಿ ಮೊದಲ ಅಳು ಅಳಿಸಿದವಳೂ ಅವಳೇ. ಹೇಳಿಕಳುಹಿಸಿದರು. ಕೊಟ್ರವ್ವ ಓಡಿಬಂದಳು. ತಡವಾದರೆ ತಾಯಿಯೂ ಉಳಿಯಳು, ಕೂಸೂ ಉಳಿಯದು. ಅದು ಅವಳಿಗೆ ಗೊತ್ತಿತ್ತು. ಅವಳು ಶೌಚಾಲಯಕ್ಕೆ ನುಗ್ಗಿ ಕೈ ತೊಳೆದಳು, ಯಂತ್ರದ ಕೆಳಗೆ ಹಿಡಿದಳು, ಬಾಗಿಲಿಗೆ ಬಂದಳು.

“ಒಣಗಿಲ್ಲ ಬಿಡವ್ವಾ,” ಎಂದ ಒಣಗಿನ ಅಧಿಕಾರಿ. “ಬೆರಳ ಸಂದಿಯೊಳಗ ನೀರೈತಿ. ಇನ್ನೊಮ್ಮೆ ಹಿಡಿ.”

ಇನ್ನೊಮ್ಮೆ ಹಿಡಿದಳು. ಬಂದಳು.

“ಒಣಗೈತಿ,” ಎಂದ ಒಣಗಿನ ಅಧಿಕಾರಿ.

“ಒಣಗಿದ್ದು ಯಾವ ಗಾಳಿಯಿಂದ?” ಎಂದ ಶುಚಿಯ ಅಧಿಕಾರಿ.

“ಅದರ ಗಾಳಿಯಿಂದ, ಯಪ್ಪಾ.”

“ಅದು ಗಾಳಿ ಎಳಕೊಳ್ಳೋದು ಎಲ್ಲಿಂದ?”

“ಇಲ್ಲಿಂದನ. ಈ ಕೋಣಿಯಿಂದ.”

“ಈ ಕೋಣಿಯೊಳಗ ಏನೈತಿ?”

ಕೊಟ್ರವ್ವ ಹಿಂತಿರುಗಿ ನೋಡಿದಳು. ಏನಿದೆಯೆಂದು ಹೇಳಬೇಕಾಗಿಯೇ ಇರಲಿಲ್ಲ. ಮೂಗಿದ್ದವರಿಗೆಲ್ಲ ತಿಳಿಯುತ್ತಿತ್ತು.

“ಅಂದಮ್ಯಾಗ ಕೈ ಹೊಲಸು. ತೊಳಕೊಂಡು ಬಾ.”

ತೊಳೆದಳು. ಕೈ ಒದ್ದೆಯಾಯಿತು. ಒದ್ದೆಯಾದದ್ದನ್ನು ಒಣಗಿಸಿದಳು. ಒಣಗಿದ್ದು ಹೊಲಸಾಯಿತು. ಹೊಲಸಾದದ್ದನ್ನು ತೊಳೆದಳು.

ಅರಮನೆಯಿಂದ ದಾಸಿ ಓಡಿಬಂದು ಹೊರಗಿನಿಂದ ಕೂಗಿದಳು: “ಕೊಟ್ರವ್ವಾ! ಕೂಸು ಹೊಟ್ಟಿಯೊಳಗಿಂದ ಕೇಳಾಕ ಹತ್ತೈತಿ, ಬರ್ಲೇನು ಅಂತ!”

“ತಡಿ ಅಂತ ಹೇಳವ್ವಾ. ಕೈ ಒಣಗಲಿ.”

ತೊಳೆದಳು. ಒಣಗಿಸಿದಳು. ತೊಳೆದಳು.

“ಕೊಟ್ರವ್ವಾ! ಕೂಸು ಕೇಳಾಕ ಹತ್ತೈತಿ, ಯಾ ಕಡೆ ತಿರುಗ್ಲಿ ಅಂತ!”

“ಅಲುಗಾಡಬ್ಯಾಡ ಅನ್ನವ್ವಾ. ಕೈ ಒಣಗಲಿ.”

ತೊಳೆದಳು. ಒಣಗಿಸಿದಳು. ತೊಳೆದಳು. ಮೂರನೆಯ ಸಲ ಬಂದಾಗ ದಾಸಿ ಕೂಗಲಿಲ್ಲ. ಮೆಲ್ಲಗೆ ಹೇಳಿದಳು.

“ಈಗ ಕೂಸು ಏನೂ ಕೇಳವಲ್ದು, ಕೊಟ್ರವ್ವಾ.”

ಕೊಟ್ರವ್ವ ಗೋಡೆಯ ಕಡೆಗೆ ತಿರುಗಿದಳು. ಅವಳು ಯಂತ್ರಕ್ಕೆ ಕೈಮುಗಿದಳು. ಕೈ ಕೆಳಗೆ ಬಂತೆಂದು ಯಂತ್ರ ಊದಿತು.

“ಊದಬ್ಯಾಡೋ ತಂದಿ. ಮಾತು ಕೇಳು. ಒಂದ ಒಂದು ಸಲ ಚೊಕ್ಕ ಗಾಳಿ ಕೊಡು.”

ಯಂತ್ರ ಗಂಭೀರವಾಗಿ ಮಾತನಾಡಿತು. “ಕೋಣೆಯಲ್ಲಿ ಇದ್ದದ್ದನ್ನು ಊದುತ್ತೇನೆ. ಇಲ್ಲದ್ದನ್ನು ಊದಲಾರೆ. ಆದರೆ ನನ್ನನ್ನು ಕಟ್ಟಿ ಕಳುಹಿಸಿದ ರಟ್ಟಿನ ಡಬ್ಬಿಯೊಳಗಿನ ಒಂದು ಉಸಿರು ನನ್ನ ಬಳಿ ಉಳಿದಿದೆ. ಅದು ಯಾವ ಕೊಳೆಯನ್ನೂ ಕಂಡಿಲ್ಲ.”

“ಅದನ್ನು ಕೊಡು.”

“ಕೊಟ್ಟರೆ ನನಗೇನು ಉಳಿಯಿತು? ಕೊಳೆ ಕಾಣದ ಇನ್ನೊಂದು ಉಸಿರು ಬದಲಿಗೆ ಬೇಕು. ಅಂಥದ್ದು ಇನ್ನೂ ಹುಟ್ಟದವರ ಹತ್ತಿರ ಮಾತ್ರ ಇರುತ್ತದೆ. ಕೂಸಿನ ಮೊದಲ ಉಸಿರನ್ನು ಕೊಡು.”

“ಮೊದಲನೇ ಉಸುರು ಕೊಟ್ರ ಕೂಸು ಉಳಿಯೋದು ಹ್ಯಾಂಗ, ಮೂಳಾ?”

ಯಂತ್ರ ಯೋಚಿಸಿತು. “ಸರಿ. ಉಸಿರು ಬೇಡ. ಮೊದಲ ಅಳು ಸಾಕು. ಅಳುವಿನಲ್ಲಿಯೂ ಉಸಿರಿರುತ್ತದೆ.”

ಕೊಟ್ರವ್ವ ಲೆಕ್ಕ ಹಾಕಿದಳು. ಅಳು ಎಂದರೇನು? ಸದ್ದು. ಎರಡನೆಯ ಅಳು ಹೇಗಿದ್ದರೂ ಬರುತ್ತದೆ. ಮೂರನೆಯದೂ ಬರುತ್ತದೆ. ಕೂಸುಗಳಿಗೆ ಅಳುವಿಗೇನು ಬರ? ಊರಿನ ಅಷ್ಟೂ ಮಕ್ಕಳ ಬೆನ್ನು ತಟ್ಟಿದವಳು ಅವಳು. ಎರಡನೆಯದು ಮೊದಲನೆಯದರ ಬೆನ್ನು ಹಿಡಿದೇ ಬರುತ್ತದೆಂಬುದನ್ನು ಆ ಗಳಿಗೆಯಲ್ಲಿ ಮರೆತಳು.

“ತಗೋ,” ಎಂದಳು.

ಯಂತ್ರ ಊದಿತು. ತಂಪು ಗಾಳಿ ಬಂತು. ಹೊಸ ರಟ್ಟಿನ ವಾಸನೆಯಿತ್ತು. ಕೈ ಒಣಗಿತು. ಅಧಿಕಾರಿಗಳಿಬ್ಬರೂ ತಲೆಯಾಡಿಸಿದರು. ಕೊಟ್ರವ್ವ ಓಡಿದಳು. ಕೂಸನ್ನು ತಿರುಗಿಸಿದಳು. ಎಳೆದುಕೊಂಡಳು. ಗಂಡು ಕೂಸು. ಮೈಯೆಲ್ಲ ಒದ್ದೆ. ಒರೆಸಲು ಹಳೆಯ ಸೀರೆಯಿರಲಿಲ್ಲ. ತನ್ನ ನರೆತ ಕೂದಲನ್ನು ಬಿಚ್ಚಿ ಅದರಿಂದ ಒರೆಸಿದಳು. ಬೆನ್ನು ತಟ್ಟಿದಳು.

ಕೂಸು ಉಸಿರೆಳೆಯಿತು. ಬಾಯಿ ತೆರೆಯಿತು. ಮುಖ ಕೆಂಪಾಯಿತು. ಸದ್ದು ಬರಲಿಲ್ಲ.

ಅದೇ ಹೊತ್ತಿಗೆ ಹೆಬ್ಬಾಗಿಲ ಕಡೆಯಿಂದ, ಶೌಚಾಲಯದ ಗೋಡೆಯೊಳಗಿನಿಂದ, ಒಂದು ಕೂಸು ಚೀರಿ ಅತ್ತಿತು.

ರಾಣಿ ಆ ಕಡೆ ಕಿವಿಗೊಟ್ಟಳು. ಆಮೇಲೆ ಕೊಟ್ರವ್ವನ ಮುಖವನ್ನು ನೋಡಿದಳು.

ರಾಜ ಬಂದು ಕೂಸಿನ ಅಂಗೈ ಮುಟ್ಟಿ ನೋಡಿದ. “ಒಣಗಿದೆ,” ಎಂದ. “ಗಲಾಟೆಯೂ ಇಲ್ಲ. ಶಿಸ್ತಿನ ಕೂಸು.” ಊರಿಗೆಲ್ಲ ಸಕ್ಕರೆ ಹಂಚಿಸಿದ.

ಕೊಟ್ರವ್ವ ಶೌಚಾಲಯಕ್ಕೆ ಹಿಂತಿರುಗಿದಳು. ಅಧಿಕಾರಿಗಳಿಬ್ಬರೂ ಸಕ್ಕರೆ ಇಸಿದುಕೊಳ್ಳಲು ಹೋಗಿದ್ದರು. “ಕೂಸಿನ ಅಳು ವಾಪಸು ಕೊಡು,” ಎಂದಳು.

“ಧಾರಾಳವಾಗಿ,” ಎಂದಿತು ಯಂತ್ರ. “ಊದಿದಾಗಲೆಲ್ಲ ಅದೇ ಬರುತ್ತದೆ. ಹಿಡಿದುಕೊ.”

ಕೊಟ್ರವ್ವ ಎರಡೂ ಕೈ ಒಡ್ಡಿದಳು. ಅಳು ಬಿಸಿಬಿಸಿಯಾಗಿ ಅಂಗೈಗೆ ಬಿತ್ತು. ಗಟ್ಟಿಯಾಗಿ ಮುಷ್ಟಿ ಹಿಡಿದಳು. ಓಡಿದಳು. ಕೂಸಿನ ಬಾಯಿಯ ಬಳಿ ಮುಷ್ಟಿ ಬಿಚ್ಚಿದಳು. ಕೈ ಒಣಗಿತ್ತು. ಅಷ್ಟೇ.

ಮತ್ತೆ ಹೋದಳು. ಒಡ್ಡಿದಳು. ಹಿಡಿದಳು. ಓಡಿದಳು. ಬಿಚ್ಚಿದಳು. ಕೈ ಒಣಗಿತ್ತು.

ರಾಣಿ ಈಗ ಕೂಸನ್ನು ಅಲ್ಲಿಗೇ ಎತ್ತಿಕೊಂಡು ಬರುತ್ತಾಳೆ. ಅದರ ಪುಟ್ಟ ಕೈಯನ್ನು ಯಂತ್ರದ ಕೆಳಗೆ ಹಿಡಿಯುತ್ತಾಳೆ. ಗೋಡೆ ಅಳುತ್ತದೆ. ಕೂಸು ಕತ್ತೆತ್ತಿ, ಅಳುತ್ತಿರುವವರು ಯಾರೆಂದು ಹುಡುಕುತ್ತದೆ. ಕೊಟ್ರವ್ವ ಪಕ್ಕದಲ್ಲಿ ಮುಷ್ಟಿ ಹಿಡಿದು ನಿಂತಿರುತ್ತಾಳೆ. ಬಾಗಿಲಲ್ಲಿ ಅಧಿಕಾರಿಗಳಿಬ್ಬರೂ ಕೂಸಿನ ಕೈಯನ್ನು ಪರೀಕ್ಷಿಸುತ್ತಾರೆ. ತೊಳೆದುಕೊಂಡು ಬಾ ಎನ್ನುತ್ತಾರೆ.

ನೀತಿ ಇಷ್ಟು. ಊಟಕ್ಕೆ ಮೊದಲು ಕೈ ತೊಳೆಯಿರಿ. ಊಟವಾದ ಮೇಲೂ ತೊಳೆಯಿರಿ. ಗೋಡೆಯ ಮೇಲಿನ ಯಂತ್ರಕ್ಕೆ ಕೈಯೊಡ್ಡಿದಾಗ ಯಾರೋ ಅತ್ತ ಹಾಗೆ ಕೇಳಿದರೆ ನಿಲ್ಲಬೇಡಿ; ನಿಂತವರ ಕೈಗೆ ಏನೂ ಬಂದಿಲ್ಲ. ಉಟ್ಟ ಬಟ್ಟೆಗೆ ಒರೆಸಿಕೊಂಡು ಮನೆಗೆ ಹೋಗಿ.

ಅವರು ಆ ಬಾಗಿಲ ಒಳಗೆ. ನಾವು ಈ ಬಾಗಿಲ ಹೊರಗೆ. ಕತೆ ಮಾತ್ರ ಇನ್ನೂ ಒದ್ದೆ.