ಪಾಲಯ್ಯ ದಾಳಿಂಬೆ ಗಿಡಕ್ಕೆ ಔಷಧಿ ಹೊಡೆದದ್ದು

ಬನ್ನಿ, ಹತ್ತಿರ ಕೂತ್ಕೊಳ್ಳಿ. ಮಾರಕ್ಕ ಅಂತ ಒಬ್ಬಳಿದ್ದಳು, ಅವಳಿಗೆ ಪಾಲಯ್ಯ ಅಂತ ಒಬ್ಬನೇ ಮಗ. ಮೂವತ್ತು ವರ್ಷದ ಆಳು, ಅವ್ವ ಹಾಕಿದ ಗೆರೆ ದಾಟಿದವನಲ್ಲ. ಅವಳ ಕಷ್ಟವೆಲ್ಲ ಅದೇ ನೋಡಿ.

ಅವರಿಗಿದ್ದದ್ದು ನಲವತ್ತು ದಾಳಿಂಬೆ ಗಿಡ. ಆ ಸಲ ಮೊಗ್ಗು ಕಟ್ಟೋ ಹೊತ್ತಿಗೆ ಚಿಗುರಿಗೆಲ್ಲ ಹಸಿರು ಹೇನು ಮುತ್ಕೊಂಡ್ವು. ಎಲೆ ಮುದುರಿತು, ಅಂಟು ಸುರೀತು. ಮೊಗ್ಗು ಉದುರಿದ್ರೆ ವರ್ಷದ ಕೂಳು ಹೋದಂಗೆ. ಮಾರಕ್ಕನಿಗೋ ಮಂಡಿನೋವು. ಔಷಧಿ ಕಲಸಿ, ಪಂಪು ಮಗನ ಬೆನ್ನಿಗೇರಿಸಿ ಹೇಳಿದಳು: "ಇರುವೆ ಸಾಲು ಹಿಡ್ಕೊಂಡು ಹೋಗು ಮಗ. ಹೇನಿನ ಅಂಟು ಸಿಹಿ, ಅದನ್ನ ನೆಕ್ಕೋಕೆ ಇರುವೆ ಹೋಗ್ತವೆ. ಸಾಲು ಎಲ್ಲಿ ಮುಗೀತದೋ ಅಲ್ಲಿ ಹೊಡಿ."

ಬಾಗಿಲಾಚೆಗೇ ಒಂದು ಸಾಲು ಸಿಕ್ತು. ಪಾಲಯ್ಯ ಹಿಂದೆ ಹಿಂದೆ ಹೋದ. ಸಾಲು ಕಟ್ಟೆ ಸುತ್ತಿತು, ಹಿತ್ತಲಿಗೆ ಬಂತು, ಅಡುಗೆಮನೆ ಹೊಕ್ಕಿತು, ಬೆಲ್ಲದ ಗಡಿಗೇಲಿ ಮುಗೀತು. ಅಲ್ಲೇ ಹೊಡೆದ.

"ಅಯ್ಯೋ ನನ್ನ ಕರ್ಮವೇ, ತಿನ್ನೋ ಬೆಲ್ಲ ಕಣೋ ಅದು!" ಮಾರಕ್ಕ ಗುಂಡಿ ತೋಡಿಸಿ ಗಡಿಗೆ ಸಮೇತ ಹೂಳಿಸಿದಳು. "ಗಿಡಕ್ಕೆ ಹೊಡೀಬೇಕು, ಗಿಡಕ್ಕೆ. ಇನ್ನೊಂದು ನೆನಪಿಟ್ಕೊ. ಆ ಔಷಧಿ ವಿಷ. ಅದು ತಾಕಿದ್ದನ್ನೆಲ್ಲ ಸೋಪು ಹಾಕಿ ತೊಳೆದುಬಿಡು."

ಮಾರನೇ ದಿನ ಗಿಡಕ್ಕೇ ಹೊಡೆದ. ಹೊಡೆದ ಮೇಲೆ ಅವ್ವನ ಮಾತು ನೆನಪಾಯ್ತು. ಔಷಧಿ ಎಲೆಗೆ ತಾಕಿತ್ತು, ಎಲೆ ತೊಳೆದ. ರೆಂಬೆಗೆ ತಾಕಿತ್ತು, ರೆಂಬೆ ತೊಳೆದ. ಕೂಸಿಗೆ ನೀರು ಹಾಕ್ದಂಗೆ ನಲವತ್ತು ಗಿಡಕ್ಕೂ ನಾಲ್ಕು ದಿನ ಸ್ನಾನ ಮಾಡಿಸಿದ.

"ಹೊಡೆದ ಔಷಧಿನೇ ತೊಳೆದ್ಯೇನೋ?" ಅಂತ ಮಾರಕ್ಕ ಸೆರಗಲ್ಲಿ ಮುಖ ಮುಚ್ಕೊಂಡು ಅತ್ತಳು. ಆದ್ರೆ ಪೆದ್ದನಿಗೂ ಒಬ್ಬ ದೇವರಿರ್ತಾನೆ. ಸೋಪು ನೀರಿಗೇ ಹೇನು ಸತ್ತು ಉದುರಿದ್ವು. ವಾರದಲ್ಲಿ ಚಿಗುರು ಬಿಚ್ಚಿತು, ಮೊಗ್ಗು ನಿಂತಿತು. ಅಲ್ಲೊಂದು ಇಲ್ಲೊಂದು ಉಳಿದ ಹೇನು ತಿನ್ನೋಕೆ ಕೆಂಪು ಗುಲಗಂಜಿ ಹುಳಗಳೂ ಬಂದ್ವು.

ಮಾರಕ್ಕನ ಜೀವ ತಣ್ಣಗಾಯ್ತು. ಮಗನ ತಲೆ ಸವರಿ ಅಂದಳು: "ಇನ್ನು ಔಷಧಿ ಬೇಡಪ್ಪ. ಈ ಹುಳ ಹೇನು ತಿಂದು ಗಿಡ ಕಾಯ್ತವೆ. ಮನೆಗೆ ಬಂದ ನೆಂಟರು ಅಂದ್ಕೊ. ನೆಂಟರನ್ನ ನೋಡ್ಕೊಂಡಂಗೆ ನೋಡ್ಕೊ."

ಮೂರನೇ ದಿನ ಪಾಲಯ್ಯ ಊಟಕ್ಕೇ ಬರಲಿಲ್ಲ. ಮಾರಕ್ಕ ಕೋಲೂರಿಕೊಂಡು ತೋಟಕ್ಕೆ ಹೋಗಿ ನೋಡ್ತಾಳೆ, ಗಿಡಗಿಡಕ್ಕೂ ಹೇನು ಕಿಕ್ಕಿರಿದ ರೆಂಬೆ ಕಟ್ಟಿದ್ದಾನೆ.

"ಏನೋ ಇದು?"

"ನೆಂಟರಿಗೆ ಊಟ ಅವ್ವ. ನಮ್ಮಲ್ಲಿ ಹೇನು ಮುಗಿದೋಗಿತ್ತು. ಪಕ್ಕದ ತೋಟದ ಬೋರಣ್ಣಮಾವನ್ನ ಕೇಳಿದೆ. ಎಷ್ಟು ಬೇಕಾದ್ರೂ ತಗೊಂಡೋಗು ಅಂದ, ಒಳ್ಳೆಯವನು. ಎರಡು ಬುಟ್ಟಿ ತಂದು ಬಡಿಸಿದೀನಿ."

ಬಯ್ಯೋಕೆ ಅಂತ ಮಾರಕ್ಕ ಬಾಯಿ ತೆರೆದಳು. ಮಗನ ಮುಖ ಹಸಿದು ಬಾಡಿತ್ತು.

"ಹೊತ್ತು ಇಳೀತಲ್ಲೋ, ನೀನು ಉಂಡ್ಯಾ?"

"ನೆಂಟರು ಉಂಡು ಏಳೋ ಮುಂಚೆ ನಾನೆಂಗೆ ಉಣ್ಣಲಿ?" ಅಂದ ಪಾಲಯ್ಯ. ಆಮೇಲೆ ಗಿಡದ ಕಡೆ ತಿರುಗಿ ಕೈಮುಗಿದು, ಮೆತ್ತಗೆ ಹೇಳಿದ: "ನಾಚ್ಕೋಬೇಡಿ, ನಿಧಾನವಾಗಿ ಉಣ್ಣಿ. ಬುಟ್ಟೀಲಿ ಇನ್ನೂ ಐತೆ."