ಟೀ ಬರುವುದಕ್ಕೆ ಮೊದಲೇ

"ಬುದ್ಧಿ, ಮಠದ ಲ್ಯಾಪ್‌ಟಾಪ್ ಹಳತಾಯಿತು. ಹೊಸದು ತೆಗೆದುಕೊಳ್ಳಬಹುದೇ?" ಎಂದು ನಂಜಯ್ಯ ಕೇಳಿದ.

ನಂಜಯ್ಯ ಮಠದ ಶಿಷ್ಯ. ಸುತ್ತಲಿನ ಊರಿನವರಿಗೆ ಪಿಂಚಣಿ, ರೇಷನ್ ಕಾರ್ಡಿನ ಅರ್ಜಿಗಳನ್ನು ಮಠದ ಜಗಲಿಯಲ್ಲಿ ಕುಳಿತು ಬರೆದುಕೊಡುವುದು ಅವನ ಕೆಲಸ. ಹಳೆಯದಕ್ಕೇನಾಗಿದೆ ಎಂದು ಗುರುಗಳು ಕೇಳಿದರು.

"ಗುಂಡಿ ಒತ್ತಿದರೆ ತೆರೆದುಕೊಳ್ಳಲು ಕಾಲು ಗಂಟೆ ಬೇಕು. ಅಷ್ಟು ಹೊತ್ತೂ ಬಂದವರು ಸುಮ್ಮನೆ ಎದುರಿಗೆ ಕೂತಿರುತ್ತಾರೆ. ಅವರ ಹೊತ್ತೂ ಹಾಳು, ನನ್ನ ಹೊತ್ತೂ ಹಾಳು."

"ಹಾಳು ಅಂತೀಯ. ಸರಿ, ಕೂತುಕೋ. ಒಬ್ಬ ಪತ್ರ ಬರಹಗಾರನ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ" ಎಂದು ಗುರುಗಳು ಶುರುಮಾಡಿದರು.

ಒಂದು ಊರಿನ ನೋಂದಣಿ ಕಚೇರಿಯ ಎದುರು ಒಬ್ಬ ಪತ್ರ ಬರಹಗಾರ ಮೇಜು ಹಾಕಿಕೊಂಡು ಕೂರುತ್ತಿದ್ದ. ಅವನ ಬಳಿ ಹೆಚ್ಚಾಗಿ ಬರುತ್ತಿದ್ದದ್ದು ಹಕ್ಕು ಬಿಡುಗಡೆ ಪತ್ರದವರು. ಗೊತ್ತಲ್ಲ? ಅಪ್ಪನ ಆಸ್ತಿಯಲ್ಲಿ ನನಗೆ ಪಾಲು ಬೇಡ ಎಂದು ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ಬರೆದುಕೊಡುವ ಕಾಗದ. ಒಂದು ಹೊಸ ಸೀರೆ ಉಡಿಸಿ ಕರೆದುಕೊಂಡು ಬರುತ್ತಾರೆ. ಆ ಸೀರೆಯಲ್ಲಿ ಪಾಲು ತೀರಿಹೋಯಿತು ಎಂದು ಲೆಕ್ಕ.

ಅವನ ಲ್ಯಾಪ್‌ಟಾಪು ನಿನ್ನದಕ್ಕೆ ಅಣ್ಣ. ಮುಚ್ಚಳ ನಿಲ್ಲದೆ ಹಿಂದೊಂದು ಇಟ್ಟಿಗೆ ಇಟ್ಟಿದ್ದ. ಗುಂಡಿ ಒತ್ತಿ, ಎದುರಿನ ಹೋಟೆಲಿಗೆ ಟೀ ಹೇಳುತ್ತಿದ್ದ. ಟೀ ಬಂದು, ಎಲ್ಲರೂ ಕುಡಿದು, ಲೋಟ ವಾಪಸು ಹೋದ ಮೇಲೆ ಅದು ತೆರೆದುಕೊಳ್ಳುತ್ತಿತ್ತು. ಅಲ್ಲಿಯವರೆಗೆ ಅವನಿಗೂ ಬೇಸರ. ಹೊತ್ತು ಹೋಗಲಿ ಎಂದು ಏನಾದರೂ ಕೇಳುತ್ತಿದ್ದ. ಎಷ್ಟು ಜನ ಮಕ್ಕಳು ನೀವು? ತಾಯಿ ಇದ್ದಾರಾ? ಈಯಮ್ಮ ತವರಿಗೆ ಬಂದರೆ ಯಾವ ಕೋಣೆಯಲ್ಲಿ ಮಲಗ್ತಾರೆ?

ಒಮ್ಮೆ ಒಬ್ಬ ಅಣ್ಣ ಉತ್ತರ ಹೇಳುತ್ತಾ ಹೇಳುತ್ತಾ ಸುಮ್ಮನಾದ. ಲೋಟ ಕೆಳಗಿಟ್ಟು, "ಇವತ್ತು ಬೇಡ ಬಿಡಿ ಸ್ವಾಮಿ, ಅಮ್ಮನ್ನ ಒಂದು ಮಾತು ಕೇಳಿ ಬರ್ತೀವಿ" ಎಂದು ತಂಗಿಯನ್ನು ಕರೆದುಕೊಂಡು ಹೊರಟುಹೋದ. ಕೈಗೆ ಬಂದ ಗಿರಾಕಿ ಹೋಯಿತು ಎಂದು ಬರಹಗಾರ ಲ್ಯಾಪ್‌ಟಾಪಿಗೆ ಶಾಪ ಹಾಕಿದ. ಇನ್ನೊಂದು ಸಲ ಒಬ್ಬ ತಂಗಿ, "ಅಯ್ಯೋ, ಇದು ಪಾಲು ಬಿಡೋ ಕಾಗದವಾ?" ಎಂದು ಎದ್ದೇಬಿಟ್ಟಳು. ಆಗಲೂ ಅವನು ಬೈದದ್ದು ಲ್ಯಾಪ್‌ಟಾಪನ್ನೇ.

ಕೊನೆಗೆ ಹಳೆಯದನ್ನು ಅಂಗಡಿಗೆ ಕೊಟ್ಟು ಹೊಸದು ತಂದ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅದು ಸಿದ್ಧ. ಪತ್ರದ ನಮೂನೆ ಒಳಗೇ ಇತ್ತು. ಹೆಸರು, ಸರ್ವೆ ನಂಬರು ತುಂಬಿದರೆ ಆಯಿತು. ಬರಹಗಾರ ಹಿಗ್ಗಿಹೋದ. ಇಷ್ಟು ವರ್ಷ ಆ ಡಬ್ಬದ ಜೊತೆ ಏಗಿದೆನಲ್ಲ ಎಂದು ತನ್ನನ್ನೇ ಹಳಿದುಕೊಂಡ.

ವಾರ ಕಳೆದಿತ್ತು. ಇಬ್ಬರು ತಮ್ಮಂದಿರು ತಮ್ಮ ಅಕ್ಕನನ್ನು ಕರೆದುಕೊಂಡು ಬಂದರು. ಗಂಡ ತೀರಿಕೊಂಡ ಹೆಂಗಸು. ಹೊಸ ಸೀರೆಯ ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ಬರಹಗಾರ ರೂಢಿಯಂತೆ ಟೀ ಹೇಳಿದ. ತಮ್ಮಂದಿರು ಅಕ್ಕನ ಆಧಾರ್ ಕಾರ್ಡು ಮುಂದಿಟ್ಟರು. ಸಣ್ಣತಾಯಮ್ಮ ಎಂದು ಅದನ್ನು ನೋಡಿಯೇ ಬರೆದುಕೊಂಡ. ಟೀ ಬರುವುದಕ್ಕೆ ಮೊದಲೇ ಪತ್ರ ಹೊರಗೆ ಬಂತು. ಅವಳ ದನಿಯನ್ನು ಅವನು ಕೇಳಿಯೇ ಇರಲಿಲ್ಲ. ತಮ್ಮಂದಿರು ಅವಳನ್ನು ಕಚೇರಿಯ ಒಳಗೆ ಕರೆದುಕೊಂಡು ಹೋದರು. ಒಪ್ಪಿಗೆಯೇ ಎಂದು ಅಧಿಕಾರಿ ಕೇಳಿದರು. ತಮ್ಮಂದಿರ ಮುಖ ನೋಡಿ ಹೂಂ ಎಂದಳು. ಹೆಬ್ಬೆಟ್ಟು ಒತ್ತಿದಳು.

ತಮ್ಮಂದಿರು ಗಾಡಿ ತರಲು ಹೋದಾಗ ಅವಳು ಬರಹಗಾರನ ಬೆಂಚಿನ ಮೇಲೆ ಬಂದು ಕೂತಳು. ಟೀ ಆರಿ ಕೆನೆ ಕಟ್ಟಿತ್ತು. ಅವನು ಅದನ್ನೇ ಕೊಟ್ಟ. ಒಂದು ಗುಟುಕು ಕುಡಿದು ಅವಳು ಕೇಳಿದಳು.

"ಅಪ್ಪ ಹೋದಮೇಲೆ ಜಮೀನು ನಮ್ಮ ಮೂರು ಜನದ ಹೆಸರಿಗೂ ಆಗಬೇಕಂತೆ, ಅದಕ್ಕೆ ಹೆಬ್ಬೆಟ್ಟು ಬೇಕು ಅಂದ್ರು ನನ್ನ ತಮ್ಮಂದಿರು. ಹಿತ್ತಿಲ ಕಡೆ ನನ್ನ ಪಾಲಲ್ಲಿ ಒಂದು ಶೀಟಿನ ಮನೆ ಹಾಕ್ಕೊಳ್ಳೋಣ ಅಂತಿದ್ದೀನಿ. ಪತ್ರದಲ್ಲಿ ನನ್ನ ಹೆಸರು ಎಷ್ಟನೇದು ಹಾಕಿದ್ದೀರಣ್ಣ?"

ಹಕ್ಕು ಬಿಟ್ಟುಕೊಡುವವರ ಹೆಸರನ್ನು ಬರಹಗಾರ ಯಾವಾಗಲೂ ಮೊದಲು ಬರೆಯುತ್ತಿದ್ದ.

"ಮೊದಲನೇದೇ ತಾಯಿ" ಎಂದ.

ಅವಳ ಮುಖ ಅರಳಿತು. ಉಳಿದ ಟೀ ಕುಡಿದು, ಲೋಟ ತೊಳೆದಿಟ್ಟು ಹೋದಳು.

ಶ್ರಾವಣ ಕಳೆದ ಮೇಲೆ ಮತ್ತೆ ಬಂದಳು. ಹಿತ್ತಿಲಲ್ಲಿ ಶೀಟು ಇಳಿಸಿದ ದಿನ ತಮ್ಮಂದಿರು ಪತ್ರ ತೋರಿಸಿದ್ದರು. ಅವಳು ಬೈಯಲಿಲ್ಲ, ಅಳಲೂ ಇಲ್ಲ. "ಮೊದಲನೇದು ಅಂದ್ರಲ್ಲಣ್ಣ" ಎಂದಳು. ಕೋರ್ಟಿದೆ, ವಕೀಲರಿದ್ದಾರೆ ಎಂದು ಅವನು ಏನೇನೋ ಹೇಳಿದ. ಅರ್ಧ ಕೇಳಿ ಎದ್ದುಹೋದಳು.

ಬರಹಗಾರ ಹಳೆಯ ಲ್ಯಾಪ್‌ಟಾಪು ವಾಪಸು ಕೊಡಿ ಎಂದು ಅಂಗಡಿಗೆ ಓಡಿದ. ಅದನ್ನು ಬಿಚ್ಚಿ ಚೂರು ಚೂರು ಮಾರಿ ಎಷ್ಟೋ ದಿನವಾಯಿತು ಎಂದ ಅಂಗಡಿಯವ. ಹೋಗಲಿ, ಅದಿಲ್ಲದಿದ್ದರೇನು, ಬಾಯಿ ನನ್ನದೇ ಅಲ್ಲವೇ, ನಾಳೆಯಿಂದ ನಾನೇ ಕೇಳುತ್ತೇನೆ ಎಂದು ಬರಹಗಾರ ಗಟ್ಟಿಮಾಡಿಕೊಂಡ.

ಮಾರನೆಯ ದಿನ ಒಬ್ಬ ಅಣ್ಣ ತಂಗಿಯನ್ನು ಕರೆತಂದ. ಹೊಸ ಸೀರೆ. ಲ್ಯಾಪ್‌ಟಾಪು ತೆರೆದುಕೊಂಡಿತು. ಬರಹಗಾರ ಕೈಕಟ್ಟಿ ಕೂತು ಆ ತಂಗಿಯ ಮುಖ ನೋಡಿದ. "ಆನ್ ಆಗಿದೆಯಲ್ಲ ಸ್ವಾಮಿ, ಇನ್ನೇನು?" ಎಂದ ಅಣ್ಣ. ಯಂತ್ರ ತೆರೆಯದಿದ್ದಾಗ ಕೇಳಿದರೆ ಅದು ಹರಟೆ. ತೆರೆದು ಕೂತಾಗ ಕೇಳಿದರೆ ಇನ್ನೊಬ್ಬರ ಮನೆಯ ವಿಷಯಕ್ಕೆ ಕೈ ಹಾಕಿದ ಹಾಗೆ. ಅಷ್ಟು ಧೈರ್ಯ ಬರಹಗಾರನಲ್ಲಿ ಎಂದೂ ಇರಲಿಲ್ಲ. ಅದು ಅವನಿಗೆ ಅಂದೇ ತಿಳಿದದ್ದು. ತಲೆ ತಗ್ಗಿಸಿ ಹೆಸರು ತುಂಬಿದ.

ಗುರುಗಳು ನಿಲ್ಲಿಸಿದರು. ನಂಜಯ್ಯ "ಹಾಗಾದರೆ ಹೊಸದು ಬೇಡ ಅಂತೀರಾ, ಬುದ್ಧಿ?" ಎಂದ.

"ಧಾರಾಳವಾಗಿ ತಗೋ. ಆ ಕಾಲು ಗಂಟೆ ಎದುರಿಗೆ ಕೂತವರನ್ನು ಇಷ್ಟು ದಿನ ನೀನು ಏನು ಕೇಳುತ್ತಿದ್ದೆ, ಅದೊಂದು ಹೇಳು."

"ಏನೂ ಕೇಳುತ್ತಿರಲಿಲ್ಲ, ಬುದ್ಧಿ" ಎಂದ ನಂಜಯ್ಯ.